ಹಾಯಿದೋಣಿಯ ಅದಲುಬದಲು

ಗಿರಿಧರ ಆ ಮಾತು ತೆಗೆದದ್ದು ಒಂದು ಭಾನುವಾರ ಬೆಳಿಗ್ಗೆ, ಉಪ್ಪಿಟ್ಟು ತಿನ್ನುತ್ತಾ.

“ಮಂಜುನಾಥ ನೀರಿನ ಮೇಲೆ ಕಟ್ಟಿರೋ ದೋಣಿಮನೆ ಕೊಡ್ತಾನಂತೆ. ಬದಲಿಗೆ ನಮ್ಮ ಹಾಯಿದೋಣಿ ಕೇಳ್ತಿದಾನೆ. ಅದಲುಬದಲು ಮಾಡ್ಕೊಂಡ್ಬಿಡೋಣ ಅಂತಿದೀನಿ.”

ಹಂಸ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ತಮಾಷೆ ಇರಬೇಕು ಎಂದುಕೊಂಡಿದ್ದಳು. ಗಂಡನ ಮುಖದಲ್ಲಿ ತಮಾಷೆ ಇರಲಿಲ್ಲ.

“ಯಾರನ್ನ ಕೇಳಿ?”

“ನಿನ್ನನ್ನೇ ಕೇಳ್ತಿದೀನಲ್ಲ.”

“ಕೇಳ್ತಿಲ್ಲ ನೀವು, ಹೇಳ್ತಿದೀರಿ,” ಎಂದು ಹಂಸ ಒಲೆ ಆರಿಸಿದಳು. ಅವತ್ತು ಇಬ್ಬರೂ ಎರಡನೇ ಕಾಫಿ ಕುಡಿಯಲಿಲ್ಲ.

ಗಿರಿಧರ ಹೊಳೆನರಸೀಪುರದ ದೇವಸ್ಥಾನದ ಬೀದಿಯವನು. ಮನೆಯಲ್ಲಿ ಎಲ್ಲರೂ ಮೇಷ್ಟ್ರುಗಳು, ಇಲ್ಲವೆ ಪೂಜೆಯವರು. ಇವನೊಬ್ಬ ಮೀಸೆ ಮೂಡುವ ಹೊತ್ತಿಗೆ ನೌಕಾಪಡೆ ಸೇರಿ, ಸಮುದ್ರ ಸುತ್ತಿ, ಅವಧಿ ಮುಗಿಸಿ ಬಂದು ಹಾಸನದಲ್ಲಿ ಬ್ಯಾಂಕಿನ ಕೆಲಸಕ್ಕೆ ಕೂತಿದ್ದ. ಕೂತನೇ ಹೊರತು ಕಾಲು ನಿಲ್ಲಲಿಲ್ಲ. ಮೈಸೂರಿನ ಕಡೆಯ ಕ್ಲಬ್ಬೊಂದು ಹಳೆಯ ಹಾಯಿದೋಣಿಯನ್ನು ಮಾರುತ್ತಿದೆ ಎಂದು ಕೇಳಿದ್ದೇ ತಡ, ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದು ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಇಳಿಸಿಬಿಟ್ಟ. ಮಲ್ಲಿಪಟ್ಟಣದ ಕಡೆಯ ರೈತ ಮಂಜುನಾಥನ ಹೊಲ ನೀರಿನ ತನಕ ಹೋಗುತ್ತಿತ್ತು. ಹಾಯಿದೋಣಿಯನ್ನು ಅವನ ತಗಡಿನ ಶೆಡ್ಡಿನಲ್ಲೇ ಇಡತೊಡಗಿದ. ಇದೆಲ್ಲ ನಡೆದು ಇಪ್ಪತ್ತು ವರ್ಷದ ಮೇಲಾಗಿತ್ತು.

ಹಂಸ ಮೊದಮೊದಲು ಹೆದರಿಕೊಂಡೇ ಹತ್ತಿದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅವಳಿಗೆ ಗಾಳಿ ಎದುರಿದ್ದರೂ ದೋಣಿ ಮುಂದಕ್ಕೆ ಹೋಗುವುದು ಹೇಗೆಂದು ಬೋರ್ಡಿನ ಮೇಲೆ ಬಾಣ ಬರೆದು ತೋರಿಸಲು ಬರುತ್ತಿತ್ತು. ಆದರೆ ಹಾಯಿ ಗಾಳಿ ತುಂಬಿಕೊಂಡು ದೋಣಿ ಒಮ್ಮೆ ಮೈ ಎತ್ತಿದಾಗ ಆದ ಖುಷಿಯನ್ನು ಯಾವ ಬೋರ್ಡಿನ ಮೇಲೂ ಬರೆಯುವ ಹಾಗಿರಲಿಲ್ಲ. ಅಂದಿನಿಂದ ಭಾನುವಾರ ಬಂದರೆ ಬುತ್ತಿ ಕಟ್ಟುವವಳು ಅವಳೇ. ಗಿರಿಧರ ಹಿಂದೆ ಚುಕ್ಕಾಣಿ ಮತ್ತು ದೊಡ್ಡ ಹಾಯಿಯ ಹಗ್ಗ ಹಿಡಿದು ಕೂರುತ್ತಿದ್ದ. ಅವಳು ಮುಂದೆ ಸಣ್ಣ ಹಾಯಿ ನೋಡಿಕೊಳ್ಳುತ್ತಿದ್ದಳು. ಮಗಳ ಮದುವೆ, ಅತ್ತೆಯ ಕಾಯಿಲೆ, ಬ್ಯಾಂಕಿನ ವರ್ಗಾವಣೆ, ಯಾವುದೂ ಆ ದೋಣಿ ಹತ್ತುತ್ತಿರಲಿಲ್ಲ. ಎಲ್ಲ ದಡದಲ್ಲೇ ಚಪ್ಪಲಿಯ ಪಕ್ಕ ಕಾಯುತ್ತಿದ್ದವು.

ಅಂಥ ದೋಣಿಯನ್ನು ಕೊಟ್ಟುಬಿಡೋಣ ಎನ್ನುತ್ತಿದ್ದಾನೆ.

ಮುಂದಿನ ವಾರ ದೋಣಿಮನೆ ನೋಡಲು ಹೋದರು. ಬರುವುದಿಲ್ಲ ಎಂದವಳು ಕೊನೆಗೆ ಹೊರಟಳು, ನೋಡಿಯೇ ಬೇಡ ಎನ್ನಬೇಕು ಎಂಬ ಹಟಕ್ಕೆ. ಸಾಲಾಗಿ ಕಟ್ಟಿದ ಡ್ರಮ್ಮುಗಳ ಮೇಲೆ ಹಲಗೆ ಹಾಸಿ, ಎರಡು ಕೋಣೆ ಎಬ್ಬಿಸಿ, ಮುಂದೆ ಜಗಲಿ ಬಿಟ್ಟು, ಮೇಲೆ ತಗಡು ಹೊದಿಸಿದ್ದ ಮಂಜುನಾಥ. ದಡದ ಗೂಟಕ್ಕೆ ಹಗ್ಗ ಕಟ್ಟಿಕೊಂಡು ಅದು ನೀರಿನ ಮೇಲೆ ಸುಮ್ಮನೆ ಕೂತಿತ್ತು.

“ಬರೋ ಜನಕ್ಕೆ ಬಾಡಿಗೆಗೆ ಬುಡಾನ ಅಂತ ಕಟ್ಟಿದ್ದು ಸಾ,” ಎಂದ ಮಂಜುನಾಥ. “ನಮ್ಮೋಳು ಒಪ್ಪಲಿಲ್ಲ. ನೀರ್ ಮ್ಯಾಲೆ ಕುಂತು ಕಂಡೋರಿಗೆಲ್ಲ ಬೇಯ್ಸಿ ಆಕಾಕೆ ನನ್ ಕೈಲಿ ಆಗಕಿಲ್ಲ ಅಂದ್ಬುಟ್ಳು. ಈಗ ನಮ್ ಅನುಶ್ರೀ ಮೈಸೂರ್ ಕಾಲೇಜಲ್ಲಿ ಎನ್‌ಸಿಸಿ ಸೇರವ್ಳೆ, ನೇವಿದು. ರಜಕ್ಕೆ ಬಂದಾಗ್ಲೆಲ್ಲ ನಿಮ್ ದೋಣಿ ಸುತ್ತಾನೇ ಸುತ್ತುತಾಳೆ. ನಿಮ್ಗೂ ವಯಸ್ಸಾಯ್ತು, ಇಂಗೆ ಜಗ್ಲಿ ಮೇಲೆ ಆರಾಮಾಗಿ ಕುಂತ್ಕಬೋದು. ಆಷಾಡ ಒಂದ್ ಕಳೀಲಿ, ಸ್ರಾವಣದಾಗೆ ಮಾಡ್ಕಳಾನ.”

ಗಿರಿಧರ ಜಗಲಿಯ ಕುರ್ಚಿಯಲ್ಲಿ ಕೂತು ನೋಡಿದ. “ಹಂಸ, ಇಲ್ಲಿ ರಾತ್ರಿ ಉಳಿಯಬಹುದು. ಶೋಭಿತಾ ಮಕ್ಕಳನ್ನ ಕರ್ಕೊಂಡು ಬಂದ್ರೆ ಜಾಗ ಆಗುತ್ತೆ. ಮಳೆ ಬಂದ್ರೂ ಭಯ ಇಲ್ಲ.”

“ಇದು ಹೋಗುತ್ತಾ?”

“ಎಲ್ಲಿಗೆ?”

“ಎಲ್ಲಿಗಾದ್ರೂ. ಆ ದಡಕ್ಕೆ, ಈ ದಡಕ್ಕೆ.”

“ಹೋಗೋದಕ್ಕಲ್ಲ ಇದು, ಇರೋದಕ್ಕೆ.”

“ಇರೋದಕ್ಕೆ ಹಾಸನದಲ್ಲಿ ಒಂದು ಮನೆ ಇದೆ ನಮಗೆ,” ಎಂದು ಹಂಸ ಹಲಗೆ ದಾಟಿ ದಡಕ್ಕೆ ಇಳಿದುಬಿಟ್ಟಳು.

ಆಮೇಲೆ ವಾರಗಟ್ಟಲೆ ಮನೆಯಲ್ಲಿ ಇದೇ ಮಾತು. ಜಗಳ ಎನ್ನುವ ಹಾಗಿಲ್ಲ. ಇಬ್ಬರೂ ದನಿ ಎತ್ತುವವರಲ್ಲ. ಅವನು ಹೇಳುತ್ತಿದ್ದ, ಇವಳು ಬೇಡ ಎನ್ನುತ್ತಿದ್ದಳು, ಅವನು ಪೇಪರು ಬಿಡಿಸುತ್ತಿದ್ದ. ಚನ್ನರಾಯಪಟ್ಟಣದಲ್ಲಿ ಕಾಲೇಜಿನ ಉಪನ್ಯಾಸಕಿಯಾಗಿದ್ದ ಮಗಳು ಶೋಭಿತಾ ಫೋನಿನಲ್ಲಿ ಅಪ್ಪನ ಪಕ್ಷ ವಹಿಸಿದಳು. “ಅಮ್ಮಾ, ಅಪ್ಪ ತಾನಾಗೇ ಬಿಡ್ತೀನಿ ಅಂತಿರೋವಾಗ ನೀನ್ಯಾಕೆ ಹಿಡ್ಕೊಂಡಿದೀಯ?” ಗಂಡನಿಗೆ ದೋಣಿ ಬೇಸರವಾಯಿತೋ, ದೋಣಿಯಲ್ಲಿ ಎದುರಿಗೆ ಕೂರುವವಳೇ ಬೇಸರವಾದಳೋ ಎಂಬ ಒಂದು ಸಣ್ಣ ಅನುಮಾನ ಹಂಸಳ ತಲೆಯಲ್ಲಿ ಕೂತಿತ್ತು. ಅದನ್ನು ಮಗಳಿಗೆ ಹೇಳುವುದು ಹೇಗೆ?

ನಡುವೆ ಹೊಳೆನರಸೀಪುರಕ್ಕೆ ಹೋಗಿ ಬಂದರು, ಗಿರಿಧರನ ಅಕ್ಕ ಶ್ರೀರಂಗಮ್ಮನ ಮನೆಗೆ. ಊಟಕ್ಕೆ ಎಲೆ ಹಾಕಿದಾಗ ಗಿರಿಧರ ಚಮಚ ಕೇಳಿದ. ಅಕ್ಕ ನಕ್ಕರು. “ಏನೋ ಇದು, ಸಾರನ್ನ ಚಮಚದಲ್ಲಿ ತಿನ್ನೋಷ್ಟು ದೊಡ್ಡ ಸಾಹೇಬ ಆಗ್ಬಿಟ್ಯಾ?” ಗಿರಿಧರನೂ ನಕ್ಕ. ಕೆಲವು ತಿಂಗಳಿಂದ ಮನೆಯಲ್ಲೂ ಅವನು ಚಮಚದಲ್ಲೇ ತಿನ್ನುತ್ತಿದ್ದ. ಹಂಸ ಅದನ್ನು ಕಂಡಿದ್ದಳು, ಅದಕ್ಕೊಂದು ಅರ್ಥ ಇರಬಹುದು ಎಂದುಕೊಂಡಿರಲಿಲ್ಲ.

ಆಷಾಢ ಮುಗಿಯುತ್ತಾ ಬಂತು. ಮಲೆನಾಡಿನ ಕಡೆಯಿಂದ ಹೊಳೆ ಕೆಂಪಾಗಿ ಇಳಿದು ಹಿನ್ನೀರು ತುಂಬುತ್ತಿತ್ತು. ಗಾಳಿ ಒಂದೇ ಸಮನೆ ಬೀಸುತ್ತಿತ್ತು.

“ಕೊಡೋದಾದ್ರೆ ಕೊಡಿ,” ಎಂದಳು ಹಂಸ ಒಂದು ಬೆಳಿಗ್ಗೆ. “ಅದಕ್ಕೆ ಮುಂಚೆ ಒಂದು ಸಲ ಹೋಗಿಬರೋಣ.”

“ಈ ಗಾಳೀಲಾ?”

“ಇದಕ್ಕಿಂತ ಜೋರು ಗಾಳೀಲಿ ಹೋಗಿದೀವಿ.”

ಗಿರಿಧರ ಎದ್ದು ಟೋಪಿ ಹುಡುಕಿದ.

ಮೋಡ ತೆಳ್ಳಗಿತ್ತು. ಲೈಫ್ ಜಾಕೆಟ್ಟು ಹಾಕಿಕೊಂಡು, ದೋಣಿ ತಳ್ಳಿ ಹತ್ತಿದರು. ಹಾಯಿ ಏರಿಸುವಾಗ ಗಿರಿಧರ “ನೀನೇ ಎಳಿ” ಎಂದ. ಹಂಸ ಎಳೆದಳು. ದಡ ಬಿಟ್ಟು ಸ್ವಲ್ಪ ದೂರ ಹೋಗುತ್ತಲೇ ದೋಣಿಗೆ ಹುಮ್ಮಸ್ಸು ಬಂತು. ನೀರು ಎರಡೂ ಕಡೆ ಸೀಳಿಕೊಂಡು ಹೋಗುತ್ತಿತ್ತು. ಹಂಸಳಿಗೆ ಕೋಪವೆಲ್ಲ ಮರೆತುಹೋಗಿ, ಗಂಡನ ಮುಖ ನೋಡಬೇಕೆನ್ನಿಸಿ ತಿರುಗಿದಳು. ಅವನು ಹಲ್ಲು ಕಚ್ಚಿಕೊಂಡಿದ್ದ.

ಆಗಲೇ ಗಾಳಿಯ ದೊಡ್ಡ ಹೊಡೆತವೊಂದು ಬಂತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ, ಹಗ್ಗ ಸಡಿಲ ಬಿಟ್ಟು ಹಾಯಿಯ ಗಾಳಿ ಕಳೆಯಬೇಕು. ಹಂಸ ಅವನು ಬಿಡುತ್ತಾನೆಂದು ಕಾದಳು. ಅವನು ಬಿಡಲಿಲ್ಲ. ದೋಣಿ ಇನ್ನೂ ವಾಲಿತು. ನೀರು ಅಂಚು ದಾಟಿ ಒಳಗೆ ಸುರಿಯಿತು.

“ಬಿಡ್ರೀ ಹಗ್ಗ.”

“ಆಗ್ತಿಲ್ಲ.”

ಆಗ ಕಂಡಳು. ಹಗ್ಗವನ್ನು ಅವನು ಅಂಗೈಗೆ ಸುತ್ತಿಕೊಂಡಿದ್ದ. ಯಾವತ್ತೂ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಎಂದು ಅವಳಿಗೆ ಮೊದಲ ದಿನ ಹೇಳಿಕೊಟ್ಟಿದ್ದೇ ಅವನು. ಹಂಸ ದೋಣಿಯೊಳಗಿನ ನೀರಿನಲ್ಲೇ ಹಿಂದಕ್ಕೆ ಜಿಗಿದು, ಮಂಡಿಯೂರಿ, ಎರಡೂ ಕೈಯಿಂದ ಹಗ್ಗ ಎಳೆದು, ಸುತ್ತು ಬಿಚ್ಚಿ ಎಸೆದಳು. ಹಾಯಿ ಪಟಪಟನೆ ಬಡಿದುಕೊಂಡಿತು. ದೋಣಿ ಮೈ ಕೊಡವಿಕೊಂಡಂತೆ ನೆಟ್ಟಗಾಯಿತು.

“ಮುಂದೆ ಹೋಗಿ,” ಎಂದಳು. ಅವನು ಮರುಮಾತಿಲ್ಲದೆ ಹೋದ.

ಅಷ್ಟು ಗಾಳಿಯಲ್ಲಿ ಅವಳು ಚುಕ್ಕಾಣಿ ಹಿಡಿದವಳೇ ಅಲ್ಲ. ಗಾಳಿ ನಿಂತ ಸಂಜೆಗಳಲ್ಲಿ ಆಟಕ್ಕೆ ಹಿಡಿದದ್ದಷ್ಟೆ. ಆದರೆ ಇಷ್ಟು ವರ್ಷ ಅವನ ಕೈಯನ್ನೇ ನೋಡುತ್ತಾ ಕೂತಿದ್ದಳಲ್ಲ. ಹಗ್ಗ ಎಳೆದಳು, ಹೆಚ್ಚಾಯಿತು ಅನ್ನಿಸಿದಾಗ ಬಿಟ್ಟಳು, ಮತ್ತೆ ಎಳೆದಳು. ದಡಕ್ಕೆ ನೇರವಾಗಿ ಬರಲಾಗಲಿಲ್ಲ. ಅಡ್ಡಡ್ಡ ಹೋಗಿ, ತಿರುಗಿ, ಮಂಜುನಾಥನ ಜೋಳದ ಹೊಲದ ಆಚೆ ಎಲ್ಲೋ ಕೆಸರಿನಲ್ಲಿ ತಂದು ನಿಲ್ಲಿಸಿದಳು. ಆಮೇಲೆ ಹಾಯಿ ಇಳಿಸಿದಳು.

ದಡದ ಕಲ್ಲಿನ ಮೇಲೆ ಇಬ್ಬರೂ ಒದ್ದೆ ಬಟ್ಟೆಯಲ್ಲೇ ಕೂತರು. ಹಂಸ ಅವನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಹಗ್ಗದ ಬರೆ ಕೆಂಪಗೆ ಎದ್ದಿತ್ತು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ದಿನಾ ಕಾಣುವ ಕೈ. ಇದನ್ನು ಹೇಗೆ ಕಾಣದೆ ಹೋದೆ?

“ಯಾವಾಗಿಂದ?”

“ಸಂಕ್ರಾಂತಿ ಹೊತ್ತಿಗೆ ಶುರುವಾಯ್ತು. ಮೊದಲು ಜೋಮು ಹಿಡಿದ ಹಾಗಿತ್ತು. ಆಮೇಲೆ ಹಿಡಿತಾನೇ ಹೋಯ್ತು.”

“ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಹೇಳಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯ. ಅವರು ದೋಣಿ ಬಿಡಿ ಅಂತಾರೆ. ಅವರು ಹೇಳೋಕೆ ಮುಂಚೆ ನಾನೇ ಬಿಟ್ಟೆ ಅಂತಾಗ್ಲಿ ಅಂತ.” ಕೈ ಹಿಂದಕ್ಕೆ ಎಳೆದುಕೊಂಡ. “ಅದೂ ಅಲ್ದೆ, ನೀನೇನಾದ್ರೂ ನೀರಿಗೆ ಬಿದ್ರೆ ಎಳೆದು ಹಾಕೋಕೆ ಈ ಕೈಗೆ ಆಗಲ್ಲ. ಅದೊಂದು ಯೋಚನೆ ಬಂದ್ಮೇಲೆ ನಿದ್ದೆ ಬರ್ತಿರ್ಲಿಲ್ಲ.”

“ನಾನು ರಾಮನಾಥಪುರದ ಹೊಳೇಲಿ ಈಜು ಕಲಿತವಳು. ನೀವು ಬಿದ್ರೆ ನಾನು ಎಳೆದು ಹಾಕ್ತೀನಿ,” ಎಂದಳು ಹಂಸ. ಆಮೇಲೆ, ಹೇಳಲೋ ಬೇಡವೋ ಎಂದು ತಡೆದು, “ನಾನು ಬೇಜಾರಾದೆನೇನೋ ಅಂದ್ಕೊಂಡಿದ್ದೆ” ಎಂದಳು.

“ಯಾರಿಗೆ?”

“ನಿಮಗೆ.”

ಗಿರಿಧರ ಅವಳನ್ನು ದಿಟ್ಟಿಸಿ ನೋಡಿದ. ಎಡಗೈಯಿಂದ ಅವಳ ಹಣೆಯ ಮೇಲಿನ ಒದ್ದೆ ಕೂದಲು ಸರಿಸಿದ. ಅವನಿಗೆ ಬರುತ್ತಿದ್ದ ಉತ್ತರ ಅಷ್ಟೇ, ಹಂಸಳಿಗೆ ಅದು ಸಾಕಾಯಿತು.

“ದೋಣಿ ಕೊಡಬೇಡಿ,” ಎಂದಳು. “ನಾನು ನಡೆಸ್ತೀನಿ. ಈಗ ದಡಕ್ಕೆ ತಂದಿದ್ದು ಯಾರು?”

“ಕೆಸರಿಗೆ ತಂದಿದೀಯ.”

“ಕಲೀತೀನಿ.”

ಅವನು ತಲೆ ತಗ್ಗಿಸಿದ. “ನಮ್ಮ ದೋಣೀಲಿ ನಾನು ಸುಮ್ನೆ ಮುಂದೆ ಕೂತ್ಕೊಂಡು ಹೋಗೋದು ಹೇಗೆ ಹಂಸ?”

“ಇಷ್ಟು ವರ್ಷ ನಾನು ಎಲ್ಲಿ ಕೂತಿದ್ದೆ?”

ಈ ಲೆಕ್ಕ ಗಿರಿಧರನ ತಲೆಗೆ ಯಾವತ್ತೂ ಬಂದಿರಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಕೆಸರಿನಲ್ಲಿ ನಿಂತ ದೋಣಿಯ ಕಡೆ ನೋಡುತ್ತಾ ಕೇಳಿದ, “ನಿನಗೆ ಹಿಂದೆ ಕೂರೋ ಆಸೆ ಇತ್ತಾ?”

“ಇತ್ತು.”

“ಕೇಳಬಹುದಿತ್ತಲ್ಲ.”

“ಚುಕ್ಕಾಣಿ ಹಿಡಿದಾಗ ನಿಮ್ಮ ಮುಖ ಶಾಲೆಗೆ ರಜ ಸಿಕ್ಕ ಹುಡುಗನ ಥರ ಆಗ್ತಿತ್ತು. ಅದನ್ನ ನೋಡಿದ್ಮೇಲೆ ಕೇಳೋಕೆ ಮನಸ್ಸು ಬರ್ತಿರ್ಲಿಲ್ಲ.”

ಹಾಸನದ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ಕತ್ತಿನ ಮೂಳೆ ನರವನ್ನು ಒತ್ತುತ್ತಿದೆ ಎಂದರು. ವ್ಯಾಯಾಮ ಹೇಳಿಕೊಟ್ಟರು. ಹಿಡಿತ ಸ್ವಲ್ಪ ವಾಪಸು ಬರಬಹುದು, ಮೊದಲಿನ ಹಾಗಂತೂ ಆಗುವುದಿಲ್ಲ, ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದರು. ಗಿರಿಧರ ದೋಣಿಯ ವಿಷಯ ಎತ್ತಲಿಲ್ಲ. ಹಂಸಳೇ ಎತ್ತಿದಳು. ಭಾರ ಎಳೆಯದೆ ಸುಮ್ಮನೆ ಕೂರುವುದಾದರೆ ಅಡ್ಡಿಯಿಲ್ಲ ಎಂದರು ಡಾಕ್ಟರು. “ಸುಮ್ಮನೆ ಕೂರೋದೇ ಇವರಿಗೆ ಬರಲ್ಲ,” ಎಂದು ಹಂಸ ನಕ್ಕಳು.

ಶ್ರಾವಣದ ಮೊದಲ ವಾರ ಮಂಜುನಾಥನಿಗೆ ವಿಷಯ ಹೇಳಿದರು. ಅವನ ಮುಖ ಸಪ್ಪಗಾಯಿತು.

“ಮಗ್ಳಿಗೆ ಏಳ್ಬುಟ್ಟಿದ್ದೆ ಕಣವ್ವಾ.”

“ಅನುಶ್ರೀ ರಜಕ್ಕೆ ಬಂದಾಗ ದೋಣಿ ಅವಳದೇ,” ಎಂದಳು ಹಂಸ. “ನನ್ನ ಜೊತೆ ಬರಲಿ. ಇಬ್ಬರೂ ಇವರ ಹತ್ತಿರ ಬೈಸ್ಕೊಂಡು ಕಲೀತೀವಿ.”

ಹಾಗೇ ಆಯಿತು. ಬೈಗುಳಕ್ಕೇನೂ ಕೊರತೆಯಾಗಲಿಲ್ಲ. ಗಿರಿಧರ ಮುಂದೆ ಕೂತು ಹಿಂದಕ್ಕೆ ತಿರುಗಿ, ಹಗ್ಗ ಬಿಗಿ, ಅಷ್ಟಲ್ಲ, ಗಾಳಿ ನೋಡು, ನೀರು ಕಪ್ಪಾಗಿದೆ ನೋಡು, ಗಾಳಿ ಹೊಡೆತ ಬರ್ತಿದೆ ಎಂದು ಒಂದೇ ಸಮ ಹೇಳುತ್ತಿದ್ದ. ಎರಡು ಸಲ ಹಂಸ ಸಿಟ್ಟಿಗೆದ್ದು ದೋಣಿ ದಡಕ್ಕೆ ತಿರುಗಿಸಿದ್ದೂ ಉಂಟು. ಒಂದು ದಿನ ಅವನು ಬರುವುದಿಲ್ಲ ಎಂದು ದಡದಲ್ಲೇ ಉಳಿದ. ಅನುಶ್ರೀಯೂ ಅವಳೂ ಹೋಗಿ ಬಂದಾಗ ನೀರಿನಲ್ಲಿ ಮೊಣಕಾಲಿನ ತನಕ ಇಳಿದು ನಿಂತಿದ್ದ. ಪ್ಯಾಂಟು ಪೂರ್ತಿ ಒದ್ದೆ.

ದೀಪಾವಳಿ ಕಳೆದ ಮೇಲೆ ಗಾಳಿ ಹದವಾಯಿತು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೇ ಹೊರಟರು. ಬುತ್ತಿಯ ಮೊಸರನ್ನ ತಿಂದಾಗಿತ್ತು. ಹಂಸ ಆಚೆ ದಡದ ಕಡೆ ದೋಣಿ ಬಿಟ್ಟುಕೊಂಡು ಹೋಗುತ್ತಿದ್ದಳು. ಬೆಳ್ಳಕ್ಕಿಗಳು ನೀರಿನಿಂದ ಎದ್ದು ಕೂತು ಮಾಡುತ್ತಿದ್ದವು. ದೋಣಿ ತಿರುಗಿಸುವ ಜಾಗ ಬಂತು. ಈಗ ಮುಂದಿನಿಂದ ಅಪ್ಪಣೆ ಬರುತ್ತದೆ ಎಂದು ಕಾದಳು. ಬರಲಿಲ್ಲ.

ಬಗ್ಗಿ ನೋಡಿದರೆ ಗಿರಿಧರ ಲೈಫ್ ಜಾಕೆಟ್ಟಿನಲ್ಲೇ ಕೂತು, ಹಾಯಿ ಕಟ್ಟುವ ಕೂವೆಮರಕ್ಕೆ ಬೆನ್ನು ಕೊಟ್ಟು, ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ನಿದ್ದೆ ಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಬಲಗೈ ಮಡಿಲಲ್ಲಿ ಸಡಿಲವಾಗಿ ಬಿದ್ದಿತ್ತು.

ತಿರುಗಿಸಿದರೆ ಹಾಯಿ ಬಡಿದುಕೊಳ್ಳುತ್ತದೆ, ಎಚ್ಚರವಾಗುತ್ತದೆ. ಹಂಸ ತಿರುಗಿಸಲಿಲ್ಲ. ಗಾಳಿ ಹೋದತ್ತ ದೋಣಿಯನ್ನು ಬಿಟ್ಟುಕೊಂಡು, ಹಿನ್ನೀರಿನ ಉದ್ದಕ್ಕೂ ಸುಮ್ಮನೆ ಹೋಗುತ್ತಲೇ ಇದ್ದಳು.