ತೆರೆಸಿದ ಕಣ್ಣು

ಚನ್ನಪಟ್ಟಣದಲ್ಲಿ ಮೂವತ್ತಾರು ವರ್ಷದಿಂದ ಕಂಡವರ ಮುಖವನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದ ಗಂಗಹನುಮಯ್ಯನ ಹತ್ತಿರ ತನ್ನದೇ ಒಂದು ಫೋಟೊ ಇರಲಿಲ್ಲ. ಛಾಯಾಗ್ರಾಹಕರ ಸಂಘದವರು ಅವನಿಗೆ ‘ಛಾಯಾ ಸಾಮ್ರಾಟ’ ಎಂಬ ಬಿರುದು ಕೊಡಲು ಹೊರಟಾಗಲೇ ಇದು ಹೊರಬಿದ್ದದ್ದು. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರು, ಅಧ್ಯಕ್ಷರು, ಆರು ಮಂದಿ ಗಣ್ಯರು, ಷಾಮಿಯಾನದವನು, ಮೈಕ್ ಸೆಟ್ಟಿನವನು ಎಲ್ಲರ ಫೋಟೊ ಹಾಕಿದ ಮೇಲೆ ಕೆಳಗೆ ಬೆರಳಗಲ ಜಾಗ ಮಿಕ್ಕಿತ್ತು. ಅದು ಸನ್ಮಾನಿತರಿಗೆ. ಸಂಜೆಯೊಳಗೆ ಫೋಟೊ ರಾಮನಗರದ ಪ್ರೆಸ್ಸಿಗೆ ಹೋಗಬೇಕು, ಕಪ್ಪು ಕನ್ನಡಕ ಮಾತ್ರ ಬೇಡ ಎಂದು ಕಾರ್ಯದರ್ಶಿ ಹೇಳಿ ಹೋದ. ಗಂಗಹನುಮಯ್ಯ ಮೂಗಿನ ಮೇಲಿದ್ದ ಕಪ್ಪು ಕನ್ನಡಕವನ್ನು ಇನ್ನಷ್ಟು ಒತ್ತಿಕೊಂಡ.

ಆ ಕನ್ನಡಕವನ್ನು ಊರಿನವರು ಅವನ ಶೋಕಿ ಎಂದುಕೊಂಡಿದ್ದರು. ಅದರ ಹಿಂದೆ ಇದ್ದ ಗುಟ್ಟು ಬೇರೆ. ಆ ಕಡೆಯ ಹಳ್ಳಿಗಳಲ್ಲಿ ಬದುಕಿರುವಾಗ ಫೋಟೊ ತೆಗೆಸಿಕೊಳ್ಳಲು ಯಾರಿಗೂ ಪುರಸೊತ್ತಿರಲಿಲ್ಲ. ಯಜಮಾನ ಕಣ್ಣು ಮುಚ್ಚಿದ ಮೇಲೆಯೇ ಫೋಟೊ ನೆನಪಾಗುತ್ತಿತ್ತು. ಹೆಣಕ್ಕೆ ಪೇಟ ಸುತ್ತಿ, ಕುರ್ಚಿಯ ಮೇಲೆ ಕೂರಿಸಿ, ಹಿಂದಿನಿಂದ ಒಬ್ಬರು ಹಿಡಿದುಕೊಂಡು ಗಂಗಹನುಮಯ್ಯನಿಗೆ ಹೇಳಿಕಳಿಸುತ್ತಿದ್ದರು. ಆಮೇಲೆ, ಗೋಡೆಗೆ ಹಾಕಬೇಕು, ಕಣ್ಣು ಬಿಡಿಸಿ ಕೊಡಿ ಎಂದು ದುಂಬಾಲು ಬೀಳುತ್ತಿದ್ದರು.

ಸತ್ತವನ ಕಣ್ಣು ಹೇಗಿತ್ತೆಂದು ಇವನಿಗೇನು ಗೊತ್ತು? ಮೊದಲ ಸಲ ಕನ್ನಡಿಯಲ್ಲಿ ತನ್ನ ಕಣ್ಣನ್ನೇ ನೋಡಿಕೊಂಡು ಸಣ್ಣ ಕುಂಚದಲ್ಲಿ ಬರೆದುಬಿಟ್ಟ. ಮನೆಯವರು ಥೇಟ್ ನಮ್ಮಪ್ಪನೇ ಎಂದು ಅತ್ತರು. ಅಂದಿನಿಂದ ಅದೇ ರೂಢಿಯಾಯಿತು. ಹೊಂಗನೂರಿನಿಂದ ವಿರೂಪಾಕ್ಷಿಪುರದವರೆಗೆ ಇನ್ನೂರು ಮನೆಗಳ ಗೋಡೆಯ ಮೇಲೆ, ಹಾರದ ನಡುವಿನಿಂದ, ಜೋತುಬಿದ್ದ ಎಡರೆಪ್ಪೆಯ ಸಮೇತ ಗಂಗಹನುಮಯ್ಯನೇ ನೋಡುತ್ತಿದ್ದ.

ಗುಟ್ಟು ರಟ್ಟಾದರೆ ಬಿರುದು ಹಾಗಿರಲಿ, ಬೀದಿಯಲ್ಲಿ ತಲೆಯೆತ್ತುವ ಹಾಗಿರಲಿಲ್ಲ. ಹಾಗೆಂದು ಬಿರುದನ್ನು ಬಿಡಲೂ ಮನಸ್ಸು ಒಪ್ಪಲಿಲ್ಲ. ಹೆಣದ ಫೋಟೊದವನು ಬೇಡವೆಂದು ಒಂದು ಮದುವೆಗೂ ಕರೆಯದ ಊರು ಅದು. ಒಂದು ದಿನವಾದರೂ ಅದೇ ಊರು ತನ್ನನ್ನು ಬದುಕಿರುವವರ ನಡುವೆ ಕೂರಿಸಿ ಹಾರ ಹಾಕಲಿ ಎಂಬ ಆಸೆ ಅವನಿಗೆ ಬಹಳವಿತ್ತು.

ಮದುವೆಗಳೆಲ್ಲ ಎದುರು ಸಾಲಿನ ನಿಯಾಜನ ಪಾಲು. ಬೊಂಬೆ ಮಾಡುವವರ ಮನೆಯಿಂದ ಬಂದು ಸ್ಟುಡಿಯೊ ಇಟ್ಟ ನಿಯಾಜ್ ದೊಡ್ಡವರಿಗೆ ಎದುರಾಡುವವನಲ್ಲ. ಅವತ್ತು ಗಂಗಹನುಮಯ್ಯ ರಸ್ತೆ ದಾಟಿ ಬಂದು, ಫೋಟೊ ತೆಗೆ ಎಂದು ಸ್ಟೂಲಿನ ಮೇಲೆ ಕೂತ. ಜೀವಮಾನವೆಲ್ಲ ಗಲ್ಲ ಇಳಿಸಿ, ಭುಜ ಸಡಿಲ ಬಿಡಿ ಎಂದು ಜನರನ್ನು ಗದರಿದವನಿಗೆ ತನ್ನ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ. ಬೆಳಕಿನ ಕೊಡೆ ಸರಿಯಿಲ್ಲ ಎಂದ, ಹಿಂದಿನ ಪರದೆಯ ಮೇಲಿನ ಹಂಸಗಳು ಕೋಳಿಯ ಹಾಗಿವೆ ಎಂದ. ನಿಯಾಜ್ ಎಲ್ಲಕ್ಕೂ ಹೂಂಗುಟ್ಟುತ್ತ ಐದು ಸಲ ಫ್ಲ್ಯಾಶ್ ಹೊಡೆದ. ಕನ್ನಡಕ ತೆಗೆದಿದ್ದ ಗಂಗಹನುಮಯ್ಯ ಐದು ಸಲವೂ ಬೇಕೆಂದೇ ಕಣ್ಣು ಮುಚ್ಚಿದ.

“ಬೆಳಕು ತಡಿಯಕಾಗಲ್ಲ ಕಣಪ್ಪ. ಇಂಗೇ ತೊಳ್ದು ಪ್ರಿಂಟ್ ಆಕು. ಆಮ್ಯಾಕೆ ಯಾವ್ದಾರ ಒಂದು ಕಣ್ಣು ಬರ್ದುಬುಡು. ನನ್ನ ಥರಾನೇ ಇರ್ಬೇಕು ಅಂತೇನಿಲ್ಲ.”

ನಿಯಾಜ್ ಕ್ಯಾಮೆರಾ ಕೆಳಗಿಟ್ಟು, ಟೀ ತರಿಸಿ, ಪಕ್ಕದಲ್ಲೇ ಬೆಂಚಿನ ಮೇಲೆ ಕೂತ. ಟಚಿಂಗ್‌ನಲ್ಲಿ ತನ್ನ ಕೈ ಓಡುವುದಿಲ್ಲ, ತಾನು ಬರೆದ ಕಣ್ಣು ಬೊಂಬೆಯ ಕಣ್ಣಿನ ಹಾಗೆ ದಿಟ್ಟಿಸುತ್ತದೆ ಎಂದು ಒಪ್ಪಿಕೊಂಡ. ಅಣ್ಣನವರು ಸತ್ತವರಿಗೆ ಅಂಥ ಜೀವ ಹೇಗೆ ತುಂಬುತ್ತಾರೆ ಎಂದು ನಿಜವಾದ ಗೌರವದಿಂದಲೇ ಕೇಳಿದ.

ಮೂವತ್ತಾರು ವರ್ಷದಲ್ಲಿ ಇನ್ನೊಬ್ಬ ಫೋಟೊದವನು ಈ ಪ್ರಶ್ನೆ ಕೇಳಿದ್ದು ಇದೇ ಮೊದಲು. ಗಂಗಹನುಮಯ್ಯ ಉಬ್ಬಿಹೋದ. ಬಂದ ಕೆಲಸ ಮರೆತು ಅರ್ಧ ಗಂಟೆ ಪಾಠ ಹೇಳಿದ.

“ಮನೆಯೋರ ತಪ್ಪೆಲ್ಲ ಗೊತ್ತಿದ್ರೂ ಬಾಯ್ಬಿಡ್ದಂಗೆ ನೋಡ್ಬೇಕು ಕಣ್ಲಾ, ಅದು ಗ್ವಾಡೆ ಮ್ಯಾಗಿನ ಕಣ್ಣು. ಅಂದಾಜಿನ ಮ್ಯಾಲೆ ಬರೀಬ್ಯಾಡ. ಒಂದು ಒಳ್ಳೇ ಮಾದರಿ ಮುಂದಿಟ್ಕೊ.”

ನಿಯಾಜ್ ತಲೆಯಾಡಿಸಿದ. ಗುರುವಿನ ಮಾತನ್ನು ಅವನು ಅಕ್ಷರಶಃ ಪಾಲಿಸಿದ. ಗಂಗಹನುಮಯ್ಯ ಅತ್ತ ಹೋದ ಮೇಲೆ ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯ ಮಾದರಿ ಹುಡುಕಿದ. ಹೊಂಗನೂರಿನ ಅಂಕಮ್ಮ ತನ್ನ ಗಂಡ ಮುನಿಯಪ್ಪನ ಹಳೆಯ ಫೋಟೊಗೆ ಹೊಸ ಕಟ್ಟು ಹಾಕಿಸಲು ಕೊಟ್ಟಿದ್ದಳು. ಅದು ಗಂಗಹನುಮಯ್ಯನದೇ ಕೈಕೆಲಸ. ಅದನ್ನು ಮುಂದಿಟ್ಟುಕೊಂಡು ಒಂದು ಗೆರೆಯೂ ತಪ್ಪದಂತೆ ಬರೆದು ಪ್ರೆಸ್ಸಿಗೆ ಕಳಿಸಿದ. ಗಂಗಹನುಮಯ್ಯ ಅದನ್ನು ಕಂಡದ್ದು ಪತ್ರಿಕೆ ಅಚ್ಚಾಗಿ ಬಂದ ಮೇಲೆಯೇ. ಜೋತುಬಿದ್ದ ಎಡರೆಪ್ಪೆ ಅವನನ್ನೇ ನೋಡುತ್ತಿತ್ತು.

“ಎಲ್ಲಿಂದ ತಂದ್ಯೋ ಈ ಕಣ್ಣ?” ಎಂದು ರಸ್ತೆ ದಾಟಿ ಹೋಗಿ ನಿಯಾಜನ ಮುಂದೆ ಪತ್ರಿಕೆ ಹಿಡಿದ.

“ನಿಮ್ ಕೆಲ್ಸಾನೇ ನೋಡ್ಕೊಂಡು ಬರ್ದಿದ್ದು ಅಣ್ಣ. ಕಣ್ಣು ಆಕಿ ನೋಡ್ತೀನಿ, ಥೇಟ್ ನೀವೇ ಕೂತ್ಬುಟ್ರಿ. ನಂಗೇ ಗಾಬರಿ ಆಯ್ತು.”

ಪತ್ರಿಕೆಗಳು ಆಗಲೇ ಹಂಚಿಹೋಗಿದ್ದವು. ಗಂಗಹನುಮಯ್ಯ ಮೂರು ದಿನ ಬಾಗಿಲು ಅರ್ಧ ಎಳೆದುಕೊಂಡು ಕಾದ. ಯಾರೂ ಬರಲಿಲ್ಲ. ಗಣ್ಯರು ತಮ್ಮ ತಮ್ಮ ಫೋಟೊ ನೋಡಿಕೊಂಡು ಪತ್ರಿಕೆ ಮಡಿಚಿಟ್ಟಿದ್ದರು. ಮಿಕ್ಕವರು ಊಟ ಇದೆಯೇ ಎಂದು ನೋಡಿದ್ದರು. ಅವನಿಗೆ ಸಮಾಧಾನವೂ ಆಯಿತು, ಒಳಗೊಳಗೇ ಸಿಟ್ಟೂ ಬಂತು.

ಸನ್ಮಾನದ ದಿನ ಬೆಳಿಗ್ಗೆ ಅಂಕಮ್ಮ ಬಂದಳು. ಮುನಿಯಪ್ಪನ ಫೋಟೊ ತೆಗೆದುಕೊಂಡು ಹೋಗಲು ನಿಯಾಜನ ಅಂಗಡಿಗೆ ಬಂದವಳು, ಶೋಕೇಸಿನಲ್ಲಿ ಅವನು ಹೆಮ್ಮೆಯಿಂದ ಇಟ್ಟಿದ್ದ ಗಂಗಹನುಮಯ್ಯನ ದೊಡ್ಡ ಪ್ರಿಂಟನ್ನು ಕಂಡಿದ್ದಳು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ನೆಟ್ಟಗೆ ರಸ್ತೆ ದಾಟಿ ಬಂದು, ಕನ್ನಡಕ ತೆಗೀರಿ ಅಣ್ಣಯ್ಯ ಎಂದಳು. ಅವನು ತೆಗೆದ. ಬೇರೆ ದಾರಿಯಿರಲಿಲ್ಲ.

ಅಂಕಮ್ಮ ಬಹಳ ಹೊತ್ತು ನೋಡಿದಳು. ಕೂಗಾಡಲಿಲ್ಲ.

“ನಮ್ಮೆಜಮಾನ್ರು ಬದುಕಿದ್ದಾಗ ನನ್ನ ಕಡೀಕೆ ಒಂದಿನ ನೆಟ್ಟಗೆ ನೋಡ್ದೋರಲ್ಲ. ಸತ್ತ ಮ್ಯಾಲಾದ್ರೂ ಕರುಣೆ ಬಂತಲ್ಲ ಅಂದ್ಕೊಂಡು ಹದಿನೆಂಟು ವರ್ಸ ಈ ಕಣ್ಣಿನ್ ಮುಂದೆ ಕಷ್ಟ ಸುಖ ಹೇಳ್ಕೊಂಡಿವ್ನಿ. ಅದೇ ಕ್ವಾಣೇಲಿ ಸೀರೆ ಉಟ್ಟಿವ್ನಿ, ತಲೆ ಬಾಚಿವ್ನಿ. ಅವು ನಿಮ್ಮ ಕಣ್ಣು.”

ಗಂಗಹನುಮಯ್ಯನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಏನು ಮಾಡಲಿ ಹೇಳು ತಾಯಿ ಎಂದ.

“ಮುಚ್ಚುಸ್ಕೊಡಿ. ಅವ್ರು ಎಂಗೆ ಕಣ್ಮುಚ್ಕೊಂಡು ಓದ್ರೋ ಅಂಗೇ ಇರ್ಲಿ.”

ಕಣ್ಣು ಬಿಡಿಸಿ ಎಂದು ಬಂದವರನ್ನೇ ಕಂಡಿದ್ದ ಅವನಿಗೆ ಇದು ಹೊಸ ಬೇಡಿಕೆ. ಮುಚ್ಚಿದ ಕಣ್ಣು ಹೇಗಿತ್ತೆಂದು ನೋಡಲು ಮುನಿಯಪ್ಪನ ನೆಗೆಟಿವ್ ಹುಡುಕಿದ. ಟ್ರಂಕಿನಲ್ಲಿ ಎಲ್ಲವೂ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಕಮ್ಮ ಬೆಂಚಿನ ಮೇಲೆ ಕಾಯುತ್ತ ಕೂತಳು. ದೂರದ ಸಭಾಂಗಣದಿಂದ, ಛಾಯಾ ಸಾಮ್ರಾಟರು ಎಲ್ಲಿದ್ದರೂ ವೇದಿಕೆಗೆ ಬರಬೇಕು ಎಂದು ಮೈಕು ಕರೆಯುತ್ತಿತ್ತು. ಹೋಗಲು ಅವನಿಗೆ ಕಾಲೇಳಲಿಲ್ಲ. ಅಂದಾಜಿನ ಮೇಲೆ ಬರೆಯಲು ಕೈಯೂ ಏಳಲಿಲ್ಲ.

ಕೊನೆಗೆ ನಿಯಾಜ್ ಕೊಟ್ಟಿದ್ದ, ಟಚಿಂಗ್ ಮಾಡದ ಪ್ರಿಂಟೊಂದು ಮೇಜಿನ ಖಾನೆಯಲ್ಲಿ ಸಿಕ್ಕಿತು. ಅದರಲ್ಲಿ ಗಂಗಹನುಮಯ್ಯ ಬಿಗಿಯಾಗಿ ಕಣ್ಣು ಮುಚ್ಚಿ ಕೂತಿದ್ದ. ಅಂಕಮ್ಮನಿಗೆ ಬೆನ್ನು ತಿರುಗಿಸಿ, ಅದನ್ನೇ ಮುಂದಿಟ್ಟುಕೊಂಡು ಮುನಿಯಪ್ಪನ ರೆಪ್ಪೆ ಇಳಿಸಿದ.

ಅಂಕಮ್ಮ ಫೋಟೊವನ್ನು ಬೆಳಕಿಗೆ ಹಿಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಈಗ ಸರ್ಯಾಯ್ತು ಅಣ್ಣಯ್ಯ. ಥೇಟ್ ಅವ್ರೇ.”

ಗಂಗಹನುಮಯ್ಯ ಕಪ್ಪು ಕನ್ನಡಕ ಹಾಕಿಕೊಂಡು ಬಿರುದು ತೆಗೆದುಕೊಳ್ಳಲು ಹೊರಟ.