ಮನೇಲಿ ಜನ ಇದ್ದಾರೆ

ನಮ್ಮ ಪೆಥಾಲಜಿ ಲ್ಯಾಬಿನ ಮೇಡಂಗೆ ದೊಡ್ಡ ಪದ ಕೇಳಿದರೆ ಮೈ ಉರಿಯುತ್ತಿತ್ತು. ಸ್ತನದ ಗಡ್ಡೆಯ ಸ್ಲೈಡಿಗೆ ಬಣ್ಣ ಹಾಕಿದಾಗ ಕೋಶಕೇಂದ್ರಗಳು ಕಂದು ಬಣ್ಣಕ್ಕೆ ತಿರುಗಿದರೆ, ಅಲ್ಲಿ ಹಾರ್ಮೋನು ಬಂದು ಕೂರುವ ರಿಸೆಪ್ಟರುಗಳಿವೆ, ಮಾತ್ರೆ ನಾಟುತ್ತದೆ ಎಂದರ್ಥ. ಅದಕ್ಕೆ ಅವರು "ಮನೇಲಿ ಜನ ಇದ್ದಾರೆ" ಎನ್ನುತ್ತಿದ್ದರು. ನಾನು "ರಿಸೆಪ್ಟರ್ ಪಾಸಿಟಿವ್" ಎಂದರೆ ಸಾಕು, "ಪಾಠ ಒಪ್ಪಿಸ್ಬೇಡ, ಜನ ಇದ್ದಾರೋ ಇಲ್ವೋ ಹೇಳು!" ಎಂದು ಗದರುತ್ತಿದ್ದರು.

ಅವರು ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ, ಇವತ್ತು ಅವರದೇ ಗಡ್ಡೆಯ ಸ್ಲೈಡು ನನ್ನ ಮುಂದೆ ಬಂತು. ಅದೇ ಮೈಕ್ರೋಸ್ಕೋಪು, ಅವರ ಬೆರಳು ಸವೆಸಿದ ಅದೇ ತಿರುಪು. ನೋಡಿದವಳೇ ಫೋನ್ ಮಾಡಿದೆ.

"ಮೇಡಂ, ರಿಸೆಪ್ಟರ್..."

"ಪಾಠ ಒಪ್ಪಿಸ್ಬೇಡ ಕಣೇ."

"ಮನೆ ತುಂಬ ಜನ, ಮೇಡಂ."

"ಹಾಗಾದ್ರೆ ನಾನೂ ಇನ್ನೊಂದಿಷ್ಟು ದಿನ ಇರ್ತೀನಿ ಬಿಡು."