ಮುಚ್ಚಳದ ಒಳಗಿನ ಎರಡು ಸಾಲು

ಗುಂಡಗಿನ ವಾಚು ಕಂಡರೆ ಸುಧೀರ ಮಾಸ್ತರರಿಗೆ ಆಗಿಬರುತ್ತಿರಲಿಲ್ಲ. "ತಾಟು ಗುಂಡಗ, ರೊಟ್ಟಿ ಗುಂಡಗ, ಕೈಮ್ಯಾಲೂ ಅದಾ ಬೇಕೇನು?" ಎಂದು ನಗುತ್ತಿದ್ದರು. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದ ಮನುಷ್ಯ. ನಿವೃತ್ತಿಯಾದ ಮೇಲೆ ವಾಚಿನ ಹುಚ್ಚು ನೆತ್ತಿಗೇರಿತ್ತು. ಪೀಪಾಯಿ ಹೊಟ್ಟೆಯದು, ತಲೆದಿಂಬಿನ ಆಕಾರದ್ದು, ಬೆಂಕಿಪೆಟ್ಟಿಗೆಯಂತೆ ಉದ್ದನೆಯದು. ಹಿಂದಿನವರು ಮದುವೆ ಮುಂಜಿಗೆ ಮಾತ್ರ ಟ್ರಂಕಿನಿಂದ ತೆಗೆದು ಕಟ್ಟುತ್ತಿದ್ದ, ಚಾವಿ ಕೊಡುವ ತೆಳ್ಳನೆಯ ವಾಚುಗಳು. ಅಥಣಿ, ರಾಯಬಾಗ, ನಿಪ್ಪಾಣಿ, ಎಲ್ಲಿ ಇದೆಯೆಂದು ಸುದ್ದಿ ಬಂದರೂ ಬಸ್ಸು ಹತ್ತಿ ಹೋಗಿ ತರುತ್ತಿದ್ದರು.

ತಂದದ್ದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ನಡೆಸುವಷ್ಟಕ್ಕೇ ನಿಂತಿದ್ದರೆ ಈ ಕತೆ ಹೇಳಬೇಕಾಗುತ್ತಿರಲಿಲ್ಲ. ಅವರಿಗೆ ಹೊಳಪಿನ ಚಟ. ಹಳೆಯ ರಿಪೇರಿಯವರು ಹಿಂಬದಿಯ ಮುಚ್ಚಳದ ಒಳಗೆ ಸೂಜಿಮೊನೆಯಿಂದ ತಮ್ಮ ಗುರುತು, ತಾರೀಖು ಕೊರೆದಿಡುವುದು ವಾಡಿಕೆ. ಮುಂದೆ ಯಾವಾಗ ಎಣ್ಣೆ ಹಾಕಬೇಕೆಂದು ತಿಳಿಯಲಿ ಎಂದು. ಮಾಸ್ತರರ ಕಣ್ಣಿಗೆ ಅದು ಹುಡುಗರು ಬೆಂಚಿನ ಮೇಲೆ ಕೆತ್ತಿದ ಹಾಗೆ ಕಾಣುತ್ತಿತ್ತು. ಆ ಒಳಮೈಯನ್ನೂ ಮುಖ ಕಾಣುವ ತನಕ ಉಜ್ಜುತ್ತಿದ್ದರು. ಹೆಂಡತಿ ಮನೀಷಾ "ಒಳಗ ಯಾರ್ ನೋಡ್ತಾರ್ರಿ?" ಎಂದರೆ "ನಾ ನೋಡ್ತೀನಿ" ಎನ್ನುತ್ತಿದ್ದರು. ಇಂಥ ಹೆಮ್ಮೆಗೆ ಯಾವ ವೈದ್ಯರ ಹತ್ತಿರವೂ ಮದ್ದಿಲ್ಲ.

ಹೋದ ವರ್ಷ ಕಾಗವಾಡದ ರಾವಸಾಹೇಬರ ಮೊಮ್ಮಗ ಅಜ್ಜನ ಎಂಟು ಮೂಲೆಯ ವಾಚನ್ನು ಇವರಿಗೆ ಕೊಟ್ಟ. ಮೂರು ತಿಂಗಳು ಅದರ ಮುಂದೆ ಕೂತು, ಹೊಸದಕ್ಕಿಂತ ಹೊಸದು ಮಾಡಿ, "ರಾವಸಾಹೇಬರ ಎಂಟು ಮೂಲೆ, ಈಗ ಮತ್ತೆ ಹೊಚ್ಚಹೊಸದು" ಎಂದು ವಾಟ್ಸಪ್ಪಿನಲ್ಲಿ ಫೋಟೋ ಹಾಕಿದರು. ಎಂಟು ದಿನಕ್ಕೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಆ ಫೋಟೋ ನೋಡಿ ಮನೆ ಹುಡುಕಿಕೊಂಡು ಬಂದಳು.

"ನಾ ನೀಲಮ ಅಂತರಿ, ನಿಪ್ಪಾಣಿಂದ ಬಂದೀನಿ. ಅಲ್ಲಿ ವಾಚ್ ರಿಪೇರಿ ಮಾಡ್ತಿದ್ದ ಗುರಪ್ಪನ ಮಗಳು."

ಮನೀಷಾ ಕೊಟ್ಟ ನೀರು ಕುಡಿದು, ಬಂದ ಕಾರಣ ಹೇಳಿದಳು. ಅವಳು ಮೂರನೆಯ ಹೆಣ್ಣುಮಗು. ಪಾಲಬಾವಿಯಲ್ಲಿ, ತಾಯಿಯ ತವರಿನಲ್ಲಿ, ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ ಅಪ್ಪ ಬಂದಿರಲಿಲ್ಲ. ಇದೂ ಹೆಣ್ಣಾಯಿತೆಂದು ಮುನಿಸಿಕೊಂಡಿದ್ದಾನೆ ಎಂದು ನೆಂಟರೆಲ್ಲ ಆಡಿಕೊಂಡರು. ಅವಳಿಗೆ ಹತ್ತು ವರ್ಷವಾದಾಗ ಅಪ್ಪ ತೀರಿಕೊಂಡ, ಆ ಮಾತು ಉಳಿಯಿತು.

"ಅವ್ವ ಹೋದ ತಿಂಗಳ ಸಾಯೂ ಮುಂದ ಹೇಳಿದ್ಲರಿ. ನನ್ನ ಹೆಸರಿಟ್ಟ ದಿನಾ ರಾವಸಾಹೇಬರ ಮನ್ಯಾಗ ಲಗ್ನ ಇತ್ತಂತ, ಎಂಟು ಮೂಲಿ ವಾಚು ಅವತ್ತಾ ಕೊಡಬೇಕಿತ್ತಂತ. ಬರಾಕ ಆಗಲಿಲ್ಲಂತ ಅಪ್ಪ ಅದರ ಮುಚ್ಚಳದಾಗ ನನ್ನ ಹೆಸರು ಕೊರದಾನಂತ. 'ನಿಮ್ಮಪ್ಪಗ ನೀ ಬ್ಯಾಡಾಗಿರಲಿಲ್ಲ' ಅಂದ್ಲು. ಖರೇನಾ ಇದ್ದೀತೋ, ನನ್ನ ಸಮಾಧಾನಕ್ಕ ಅಂದ್ಲೋ ಗೊತ್ತಿಲ್ಲ. ಒಂದ್ ಸಲ ಕಣ್ಣಲೆ ನೋಡ್ಬೇಕ್ರಿ."

ಮಾಸ್ತರರಿಗೆ ಆ ಮುಚ್ಚಳ ಚೆನ್ನಾಗಿ ನೆನಪಿತ್ತು. ಬೇರೆ ವಾಚುಗಳಲ್ಲಿ ಒಂದು ಸಾಲು ಇದ್ದರೆ ಇದರಲ್ಲಿ ಎರಡು. ಮೇಲಿನದು ತಾರೀಖು, ಕೆಳಗಿನದು ಏನೋ ಅಕ್ಷರ. ಭೂತಗನ್ನಡಿ ಕೈಯಳತೆಯಲ್ಲೇ ಇತ್ತು, ಎತ್ತಿ ನೋಡಲಿಲ್ಲ. "ಇಲ್ಲೇನ್ ಪತ್ರಾ ಬರದಾನೇನು?" ಎಂದು ಗೊಣಗಿ, ಗೀರು ಆಳವಾಗಿದ್ದುದರಿಂದ ಇಡೀ ಒಂದು ಮುಂಜಾನೆ ಹೆಚ್ಚಿಗೆ ಉಜ್ಜಿದ್ದರು.

ಕೊಡದೆ ವಿಧಿಯಿರಲಿಲ್ಲ. ಮುಚ್ಚಳ ತೆಗೆದು ಅವಳ ಅಂಗೈಗೆ ಇಟ್ಟರು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರಲ್ಲಿ ಅವಳ ಕಣ್ಣು ಕಂಡಿತು, ಮೂಗುಬಟ್ಟು ಕಂಡಿತು, ಬೇರೇನೂ ಕಾಣಲಿಲ್ಲ.

"ಚಂದ ಮಾಡೀರಿ," ಎಂದಳು. "ಬರದಿದ್ದು ಎಲ್ಲೈತ್ರಿ?"

"ಉಜ್ಜಿಬಿಟ್ಟೀನವ್ವಾ."

"ಉಜ್ಜೂಕಿಂತ ಮೊದಲ ಓದಿದ್ರೇನ್ರಿ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಾಸ್ತರರು ಅವಳ ಮುಖ ನೋಡಿದರು. ಒಂದು ಸುಳ್ಳಿನಿಂದ ಈ ಜೀವಕ್ಕೆ ನೆಮ್ಮದಿ ಸಿಗುವುದಾದರೆ ಯಾರ ಗಂಟು ಹೋಗುತ್ತದೆ? ಅದು ಸುಳ್ಳೆನ್ನಲು ತಾಯಿಯೂ ಇಲ್ಲ, ಮುಚ್ಚಳದ ಮೇಲೂ ಏನಿಲ್ಲ.

"ಓದೀನಿ," ಎಂದರು. "ಮ್ಯಾಲ ತಾರೀಖು. ಕೆಳಗ ನೀಲಮ ಅಂತ ಇತ್ತು, ಛಂದ ಅಕ್ಷರದಾಗ."

ಅವಳು ಸಿಟ್ಟಿಗೆದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀಲಮ ನನ್ನ ಗಂಡನ ಮನ್ಯಾಗ ಇಟ್ಟ ಹೆಸರ್ರಿ. ಅಪ್ಪ ಸತ್ತು ಎಂಟು ವರ್ಷಕ್ಕ ನನ್ನ ಲಗ್ನ ಆತು."

ಈ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಗಂಡು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಹೆಣ್ಣಿನ ಹೊಸ ಹೆಸರು ಬರೆಯುತ್ತಾನೆ. ತವರಿನ ಹೆಸರು ಅಲ್ಲಿಗೆ ಮುಗಿಯಿತು. ಮಾಸ್ತರರಿಗೆ ತಿಳಿಯದ್ದೇನಲ್ಲ. ಸೌಂದರ್ಯಾ ಎಂಬ ಹುಡುಗಿಯನ್ನು ಮನೀಷಾ ಮಾಡಿದ್ದು ಇದೇ ಕೈ. ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ತಲೆ ತಗ್ಗಿಸಿದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. "ತಪ್ಪಾತವ್ವಾ," ಎಂದು ಮಾಸ್ತರರು ಕೈ ಮುಗಿದರು. "ನಾ ಓದಲಿಲ್ಲ. ಆದ್ರ ಎರಡು ಸಾಲು ಇದ್ದದ್ದು ಖರೆ. ಉಳದ ವಾಚಿನ್ಯಾಗ ಒಂದಾ ಇರ್ತೈತಿ. ಇದರಾಗ ಎರಡಿದ್ದುವು. ಆ ಕೆಳಗಿಂದು ನಿನ್ನ ಹೆಸರಾ ಇರಬೇಕು. ಆಣಿ ಮಾಡ್ತೀನಿ."

ಅವರ ಹತ್ತಿರ ಇದ್ದ ನಿಜ ಅಷ್ಟೇ. ಅದನ್ನು ಮೊದಲೇ ಹೇಳಿದ್ದರೆ ಅವಳು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು, ಬದುಕಿರುವ ತನಕ ಅದು ಸಾಕಾಗುತ್ತಿತ್ತು.

"ಈ ವಾಚು ನೀನಾ ಇಟ್ಕೋ," ಎಂದರು. ಅವಳು ಬೇಡವೆಂದು ತಲೆಯಾಡಿಸಿ, ಮುಚ್ಚಳದ ಮೇಲೆ ಮೂಡಿದ್ದ ತನ್ನ ಬೆರಳಿನ ಗುರುತನ್ನು ಸೆರಗಿನಿಂದ ಒರೆಸಿ, ಮೇಜಿನ ಮೇಲಿಟ್ಟಳು.

"ಇರ್ಲಿ ಬಿಡ್ರಿ ಮಾಸ್ತರ. ನನ್ನ ಸಮಾಧಾನಕ್ಕ ನೀವು ಹೇಳಿದ್ರಿ. ಅವ್ವನೂ ಹಿಂಗಾ ಹೇಳಿರ್ಬೇಕು."

"ಎರಡು ಸಾಲಿದ್ದುವವ್ವಾ," ಎಂದು ಮಾಸ್ತರರು ಮತ್ತೊಮ್ಮೆ ಹೇಳಿದರು. ಅವಳು ಆಗಲೇ ಮೆಟ್ಟಿಲು ಇಳಿದು, ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.